ಅಡಿಕೆಯ ಸುಳಿ ಮತ್ತು ಜೀವಕೋಶದ ವಿಭಜನೆ

ಕಳೆದ ಆಷಾಢದಲ್ಲಿ ಶಿರಸಿ ಸೀಮೆಯ ನಮ್ಮ ತೋಟದಲ್ಲಿ, ಬಸಿಗಾಲುವೆಯ ಪಕ್ಕದ ಅಡಿಕೆ ಮರವೊಂದರ ನಡುವಿನ ಎಳೆಯ ಸೋಗೆ ಹಳದಿಯಾಯಿತು. ಔಷಧಿ ಹೊಡೆಯಲು ಮರ ಹತ್ತಿದ್ದ ಕೊನೆಗೌಡರು (ಅಡಿಕೆ ಕೊನೆ ಇಳಿಸುವವರು) ಮೆಲ್ಲಗೆ ಎಳೆದದ್ದೇ ತಡ, ಅದು ಬುಡಸಮೇತ ಕಿತ್ತು ಬಂತು. ಅವರು ಕೆಳಗೆ ಹಾಕಿದ ಸೋಗೆಯ ಬುಡ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಮುಟ್ಟಿದ ಬೆರಳಿನಿಂದ ಆ ದುರ್ವಾಸನೆ ಸಂಜೆಯವರೆಗೂ ಹೋಗಲಿಲ್ಲ. "ಸುಳಿ ಹೋತು ಅಂದ್ರೆ ಮರ ಹೋತು, ಒಡೆಯಾ" ಎಂದರು. ಬೇರು ಗಟ್ಟಿಯಾಗಿತ್ತು, ಕಾಂಡದಲ್ಲಿ ಒಂದು ಗಾಯವೂ ಇರಲಿಲ್ಲ, ಹಳೆಯ ಸೋಗೆಗಳೆಲ್ಲ ಹಸಿರಾಗಿಯೇ ಇದ್ದವು. ಆದರೂ ಆ ಮರ ಉಳಿಯಲಿಲ್ಲ.

ಯಾವುದೇ ಜೀವಿ ಬೆಳೆಯುವುದೆಂದರೆ ಅದರ ಜೀವಕೋಶಗಳು ದೊಡ್ಡದಾಗುವುದಷ್ಟೇ ಅಲ್ಲ, ಒಂದು ಎರಡಾಗುವುದು. ಅಡಿಕೆಯ ಸಾಮಾನ್ಯ ಕೋಶವೊಂದರಲ್ಲಿ 32 ವರ್ಣತಂತುಗಳು, ಅಂದರೆ ವಂಶಗುಣಗಳನ್ನು ಹೊತ್ತ ಡಿಎನ್‌ಎ ಎಳೆಗಳು ಇವೆ. ವಿಭಜನೆಗೆ ಮುನ್ನ ಕೋಶವು ಅವೆಲ್ಲವುಗಳ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ಬಳಿಕ ವರ್ಣತಂತುಗಳು ದಪ್ಪಗಾಗಿ ಕೋಶದ ನಡುಭಾಗದಲ್ಲಿ ಸಾಲುಗಟ್ಟುತ್ತವೆ, ಸೂಕ್ಷ್ಮವಾದ ಎಳೆಗಳು ಮೂಲ ಮತ್ತು ನಕಲಿನ ಪ್ರತಿ ಜೋಡಿಯನ್ನು ಬಿಡಿಸಿ ಎರಡು ದಿಕ್ಕಿಗೆ ಸೆಳೆಯುತ್ತವೆ, ನಡುವೆ ಹೊಸ ಗೋಡೆಯೊಂದು ಏಳುತ್ತದೆ. ಎರಡೂ ಮರಿಕೋಶಗಳಿಗೆ 32ರ ಪೂರ್ತಿ ಪಾಲು ಸಿಗುತ್ತದೆ. ಸಾಲಮಾಂಡರ್ ಎಂಬ ಬಾಲವಿರುವ ಉಭಯಚರದ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಈ ನಡೆಯನ್ನು ಹಂತಹಂತವಾಗಿ ನೋಡಿದ ಜರ್ಮನಿಯ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್, 1882ರ ತಮ್ಮ ಗ್ರಂಥದಲ್ಲಿ ಇದನ್ನು ಮೈಟೋಸಿಸ್ ಎಂದು ಕರೆದರು.

ಅಡಿಕೆಯ ಕಷ್ಟವಿರುವುದು ಈ ಕೆಲಸ ನಡೆಯುವ ಜಾಗದಲ್ಲಿ. ಹಲಸಿನ ಮರದ ತೊಗಟೆಯ ಒಳಗೆ, ಕಾಂಡದ ಸುತ್ತಲೂ, ವಿಭಜನೆಯಾಗುತ್ತಲೇ ಇರುವ ಕೋಶಗಳ ತೆಳುಪದರವೊಂದಿದೆ. ಅದರಿಂದಲೇ ಹಲಸು ವರ್ಷ ವರ್ಷ ದಪ್ಪಗಾಗುತ್ತದೆ, ಕತ್ತಿ ಏಟು ಬಿದ್ದರೂ ಗಾಯ ಮುಚ್ಚಿಕೊಳ್ಳುತ್ತದೆ, ತುದಿ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ತಾಳೆಯ ಕುಟುಂಬಕ್ಕೆ ಸೇರಿದ ಅಡಿಕೆಗೆ ಆ ಪದರವಿಲ್ಲ, ಕೊಂಬೆಯೂ ಇಲ್ಲ. ನೆಲದ ಮೇಲಿನ ಅದರ ಬೆಳವಣಿಗೆಯೆಲ್ಲ ಎಳೆಯ ಸೋಗೆಗಳ ಮಡಿಲಲ್ಲಿ ಅಡಗಿದ, ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣ ತುದಿಯೊಂದರಿಂದ ಹೊರಡುತ್ತದೆ. ಕಾಂಡದ ಮೇಲೆ ಕಾಣುವ ಒಂದೊಂದು ಉಂಗುರವೂ ಆ ತುದಿ ಹುಟ್ಟಿಸಿ, ಹಾಳೆ ಕಳಚಿ ಬಿದ್ದ ಒಂದೊಂದು ಸೋಗೆಯ ಗುರುತು. ಕೊಳೆರೋಗದ ಸೂಕ್ಷ್ಮಜೀವಿ ಅಲ್ಲಿಗೇ ಇಳಿದಾಗ ಹೊಸ ಕೋಶ ಕೊಡುವವರು ಯಾರೂ ಉಳಿಯುವುದಿಲ್ಲ.

ಅಡಿಕೆಯ ಹೂಗೊಂಚಲಾದ ಹಿಂಗಾರದಲ್ಲಿ ನಡೆಯುವ ವಿಭಜನೆಯೇ ಬೇರೆ. ಅಲ್ಲಿ ಮಿಯೋಸಿಸ್‌ನ ಮೂಲಕ 32 ಅರ್ಧವಾಗಿ 16 ಆಗುತ್ತದೆ. ಹಾಗೆ ಅರ್ಧವಾಗುವ ಮುಂಚೆ ಜೋಡಿ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಪರಾಗದ 16 ಹೆಣ್ಣುಹೂವಿನ 16ನ್ನು ಸೇರಿದಾಗ ಮತ್ತೆ 32. ಆದ್ದರಿಂದಲೇ ಎಷ್ಟೇ ಒಳ್ಳೆಯ ತಾಯಿಮರದಿಂದ ಬೀಜದ ಅಡಿಕೆ ಆರಿಸಿ ತಂದರೂ ಸಸಿಗಳೆಲ್ಲ ಒಂದೇ ತೆರನಾಗಿ ಬರುವುದಿಲ್ಲ. ಇದನ್ನು ನಷ್ಟವೆಂದು ನಾನು ಎಣಿಸುವುದಿಲ್ಲ, ಏಕೆಂದರೆ ರೋಗವೊಂದು ಬಂದಾಗ ತಡೆದುಕೊಳ್ಳುವ ಒಂದೆರಡು ಮರಗಳು ಇರಬಹುದೆಂಬ ಆಸೆ ಈ ವ್ಯತ್ಯಾಸದಲ್ಲೇ ಇದೆ.

ಬಾಳೆಗೆ ಆ ಆಸೆ ಕಡಿಮೆ. ನಾವು ತಿನ್ನುವ ಬಹುತೇಕ ಬಾಳೆಗಳಲ್ಲಿ 11ರ ಮೂರು ಪಾಲು, ಅಂದರೆ 33 ವರ್ಣತಂತುಗಳಿವೆ. ಮೂರು ಪಾಲನ್ನು ಸಮವಾಗಿ ಎರಡು ಮಾಡಲಾಗದೆ ಮಿಯೋಸಿಸ್ ಎಡವುತ್ತದೆ, ಬೀಜ ಕಟ್ಟುವುದಿಲ್ಲ. ಗಡ್ಡೆಯಿಂದ ಏಳುವ ಮರಿಯನ್ನೇ ಕಿತ್ತು ನೆಡಬೇಕು. ಹಾಗೆ ಬಂದ ಮರಿ ತಾಯಿಯ ಪಡಿಯಚ್ಚು, ತಾಯಿಗೆ ತಗಲುವ ರೋಗ ಮರಿಗೂ ತಪ್ಪಿದ್ದಲ್ಲ.

ಸತ್ತ ಮರವನ್ನು ಕಡಿಸಿದ ಜಾಗದಲ್ಲಿ ಈ ವರ್ಷ ಅಡಿಕೆ ಸಸಿಯೊಂದನ್ನು ನೆಟ್ಟಿದ್ದೇನೆ. ಪಶ್ಚಿಮದ ಬಿಸಿಲು ತಾಗದಿರಲೆಂದು ಪಕ್ಕದಲ್ಲಿ ಒಂದು ಬಾಳೆಮರಿಯೂ ಇದೆ. ಸಸಿಯ ಎರಡನೆಯ ಸೋಗೆ ಈಗಷ್ಟೇ ಬಿಚ್ಚಿಕೊಳ್ಳುತ್ತಿದೆ.