ಐರನ್ ಮಾತ್ರೆ ಕೊಟ್ಟೆ, ಕೇಳಬೇಕಾದ್ದನ್ನು ಕೇಳಲಿಲ್ಲ

"ತಮ್ಮಾ, ಮೂರು ತಿಂಗಳಾಯ್ತು. ಒಂದು ದಿನ ಬಿಡದೆ ನುಂಗಿದ್ದೀನಿ. ರಕ್ತ ಏರಲೇ ಇಲ್ವಲ್ಲ?"

ಆಗುಂಬೆ ಕಡೆಯ ಅಕ್ಕ ಒಬ್ಬರು ಕೌಂಟರ್ ಮೇಲೆ ಲ್ಯಾಬ್ ರಿಪೋರ್ಟ್ ಇಟ್ಟು ಕೇಳಿದರು. ಹಿಮೋಗ್ಲೋಬಿನ್ 8.4 ಇದ್ದದ್ದು 8.6 ಆಗಿತ್ತು. ಗರ್ಭಿಣಿಯಲ್ಲದ ಹೆಂಗಸರಿಗೆ 12 ಆದರೂ ಇರಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಶುರುವಾದ ಸುಸ್ತು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡು ಬಹಳ ದಿನ ಸುಮ್ಮನಿದ್ದರಂತೆ.

ನಾನು ತೀರ್ಥಹಳ್ಳಿಯ ಒಂದು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಪ್ರತಿ ತಿಂಗಳೂ ಅವರಿಗೆ ಐರನ್ ಮತ್ತು ಕ್ಯಾಲ್ಸಿಯಂ, ಎರಡು ಸ್ಟ್ರಿಪ್ ಕೊಡುತ್ತಿದ್ದವನು ನಾನೇ. ಒಂದೇ ಕವರ್‌ನಲ್ಲಿ ಹಾಕಿ. ಹೇಗೆ ತಗೊಳ್ತೀರಿ ಅಂತ ಕೇಳಿದ್ದು ಅವತ್ತೇ ಮೊದಲು.

"ತಿಂಡಿ ಆದ ಮೇಲೆ ಎರಡೂ ಒಟ್ಟಿಗೆ. ಮೇಲಿಂದ ಒಂದು ಲೋಟ ಕಾಫಿ."

ಉತ್ತರ ಅಲ್ಲೇ ಇತ್ತು. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಕರುಳು ಅದನ್ನು ಹೀರಲಾರದು. ಕ್ಯಾಲ್ಸಿಯಂ, ಹಾಲು, ಎದೆಯುರಿಗೆ ಕುಡಿಯುವ ಔಷಧ ಕೂಡ ಅಡ್ಡ ಬರುತ್ತವೆ. ಥೈರಾಯ್ಡ್ ಮಾತ್ರೆಯದ್ದು ಉಲ್ಟಾ ಕಥೆ. ಐರನ್ ಜೊತೆ ತಗೊಂಡರೆ ಅದರ ಕೆಲಸವೇ ಕೆಡುತ್ತದೆ. ನಡುವೆ 4 ಗಂಟೆ ಬಿಡಬೇಕು. ಮೂರು ತಿಂಗಳು ಆ ಅಕ್ಕ ದುಡ್ಡು ಕೊಟ್ಟು, ತಪ್ಪದೆ ಮಾತ್ರೆ ನುಂಗಿದ್ದರು. ಒಂದು ಮಾತು ಕೇಳದೆ ಇದ್ದವನು ನಾನು. ಅವತ್ತು ರಾತ್ರಿ ಅದೇ ಯೋಚನೆ.

ಅವರಿಗೆ ಹೇಳಿದ್ದು ಇಷ್ಟು: ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಆದ ಮೇಲೆ, ನೀರಿನ ಜೊತೆ. ನಿಂಬೆ ಪಾನಕ ಆದರೆ ಇನ್ನೂ ಒಳ್ಳೆಯದು, ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ. ನಮ್ಮ ಕಡೆ ಗಜನಿಂಬೆ, ನೆಲ್ಲಿಕಾಯಿಗೆ ಬರವೇ? ಹೊಟ್ಟೆ ತೊಳೆಸಿದರೆ ಊಟ ಆದ ಮೇಲೆ ತಗೊಳ್ಳಿ, ಬಿಡಬೇಡಿ. ಕಾಫಿ ಮಾತ್ರ ದೂರ ಇರಲಿ. ಕ್ಯಾಲ್ಸಿಯಂ ರಾತ್ರಿಗೆ.

ಕೆಲವು ಡಾಕ್ಟರು ಈಗ ದಿನ ಬಿಟ್ಟು ದಿನ ಬರೆಯುತ್ತಾರೆ. ಒಂದು ಡೋಸ್ ಆದ ಮೇಲೆ ದೇಹ ಮಾರನೇ ದಿನ ಕಬ್ಬಿಣ ಹೀರುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ, ಅದಕ್ಕೆ. ಆದರೆ ಇದನ್ನು ನಾವಾಗಿ ನಾವೇ ಮಾಡಬಾರದು. ಬಸುರಿಯರಂತೂ ಡಾಕ್ಟರನ್ನು ಕೇಳದೆ ಏನೂ ಬದಲಿಸಬಾರದು.

"ಯಾವ ಕಂಪನಿಯದು ಒಳ್ಳೇದು?" ಅಂತ ದಿನಾ ಕೇಳುತ್ತಾರೆ. ಹೆಸರು, ಬೆಲೆ ನೋಡಬೇಡಿ, ಸ್ಟ್ರಿಪ್‌ನ ಹಿಂದೆ 'ಎಲಿಮೆಂಟಲ್ ಐರನ್' ಎಷ್ಟು ಮಿಲಿಗ್ರಾಂ ಅಂತ ನೋಡಿ. ಮಾತ್ರೆಯಲ್ಲಿ ಕಬ್ಬಿಣ ಲವಣದ ರೂಪದಲ್ಲಿರುತ್ತದೆ; ಅಂಥ ಒಂದು ಲವಣ ಫೆರಸ್ ಫ್ಯೂಮರೇಟ್‌ನಲ್ಲಿ ನಿಜವಾದ ಕಬ್ಬಿಣ (ಎಲಿಮೆಂಟಲ್ ಐರನ್) ಮೂರನೇ ಒಂದು ಭಾಗ ಮಾತ್ರ. ಆಸ್ಪತ್ರೆಯಲ್ಲಿ ಬಸುರಿಯರಿಗೆ ಪುಕ್ಕಟೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಪುಕ್ಕಟೆ ಅಂತ ಅದನ್ನು ಮೂಲೆಗೆ ಹಾಕಿ ನಮ್ಮಲ್ಲಿಗೆ ಬಂದರೆ ನನಗೆ ಬೇಜಾರಾಗುತ್ತದೆ. ಅಂಗಡಿಯಲ್ಲಿ ಕೂತವನೇ ಹೇಳುತ್ತಿದ್ದೇನೆ, ಅದು ಒಳ್ಳೆಯ ಮಾತ್ರೆ.

ಚೀಟಿ ಇಲ್ಲದೆ "ಸುಸ್ತು, ಐರನ್ ಕೊಡಿ" ಅಂದರೆ ಈಗ ನಾನು ಕೊಡುವುದಿಲ್ಲ. ರಕ್ತ ಕಡಿಮೆ ಇರುವುದೆಲ್ಲ ಕಬ್ಬಿಣದ ಕೊರತೆ ಅಲ್ಲ. ಥಲಸೀಮಿಯಾ ಅನ್ನುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದರೂ ಕಡಿಮೆ ಇರಬಹುದು. ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತಿಳಿಯುತ್ತದೆ. ಜಾಸ್ತಿಯಾದ ಕಬ್ಬಿಣವನ್ನು ಹೊರಗೆ ಹಾಕುವ ದಾರಿ ದೇಹಕ್ಕಿಲ್ಲ, ಅದು ಒಳಗೇ ಕೂತು ತೊಂದರೆ ಕೊಡುತ್ತದೆ. ಗಂಡಸರಿಗೆ, ವಯಸ್ಸಾದವರಿಗೆ ಕೊರತೆ ಇದ್ದರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿರಬಹುದು. ಬರಿಗಾಲಲ್ಲಿ ತೋಟ, ಗದ್ದೆ ಓಡಾಡುವವರಿಗೆ ಕರುಳಲ್ಲಿ ಕೂತು ರಕ್ತ ಹೀರುವ ಕೊಕ್ಕೆಹುಳದ ಕಾಟ ಇರಬಹುದು.

ಮಲ ಕಪ್ಪಗಾಯಿತು ಅಂತ ಹೆದರಿ ನಿಲ್ಲಿಸುವವರು ಬಹಳ. ಐರನ್ ತಗೊಂಡರೆ ಅದು ಸಹಜ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದನ್ನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಈ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮೆಂಟ್. ಸಣ್ಣ ಮಗು ಕೆಲವು ಮಾತ್ರೆ ನುಂಗಿದರೂ ಜೀವಕ್ಕೆ ಅಪಾಯ. ವಾಂತಿ ನಿಂತು ಮಗು ಆಟ ಶುರು ಮಾಡಿದರೂ ನಂಬಬೇಡಿ, ಮತ್ತೆ ಹದಗೆಡಬಹುದು. ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡಿ.

ಆ ಅಕ್ಕ ಎರಡು ತಿಂಗಳ ನಂತರ ಬಂದಾಗ 10.9 ಆಗಿತ್ತು. ಅವತ್ತು ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ತಿಂಗಳ ಮುಟ್ಟಿನಲ್ಲಿ ಬಹಳ ಹೋಗುತ್ತದೆ ಅಂತ ಮೆಲ್ಲಗೆ ಹೇಳಿದರು. ಅದನ್ನು ಡಾಕ್ಟರಿಗೂ ಹೇಳಿರಲಿಲ್ಲ. ಹೇಳಲೇಬೇಕು ಅಂತ ಕಳಿಸಿದೆ. 12 ಮುಟ್ಟಿದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ ಅಂತಲೂ ತಿಳಿಸಿದೆ.

ಈಗ ಎರಡು ಸ್ಟ್ರಿಪ್ ಎರಡು ಕವರ್‌ಗೆ ಹೋಗುತ್ತವೆ. ಒಂದರ ಮೇಲೆ 'ಬೆಳಿಗ್ಗೆ, ಕಾಫಿ ಬೇಡ' ಅಂತ ಪೆನ್ನಿನಲ್ಲಿ ಬರೆಯುತ್ತೇನೆ. ಇನ್ನೊಂದರ ಮೇಲೆ 'ರಾತ್ರಿ'.