ಬಿಂಗೋ ಆಡುವ ಟಾಕೀಸು

ನಾನು ಕಾಸರಗೋಡಿನವನು. ಲಂಡನ್ನಿನ ಟೂಟಿಂಗಿಗೆ ಬಂದು ಆರು ವರ್ಷವಾಯಿತು. ಇಲ್ಲಿ ದೋಸೆ ಸಿಗುತ್ತದೆ, ಬಸ್ಸಲ್ಲಿ ಮಲಯಾಳ ಕಿವಿಗೆ ಬೀಳುತ್ತದೆ. ಊರು ತೀರಾ ದೂರ ಅನ್ನಿಸುವುದಿಲ್ಲ.

ಇಲ್ಲೊಂದು ಹಳೇ ಟಾಕೀಸು ಇದೆ. ಒಳಗೆ ಸಿನೆಮಾ ಇಲ್ಲ, ಬಿಂಗೋ. ನಮ್ಮ ಹೌಸಿ ಹೌಸಿ ಆಟವೇ ಅದು. ಒಂದು ಭಾನುವಾರ ಸುಮ್ನೆ ಹೋಗಿ ಕೂತೆ. ಕತ್ತೆತ್ತಿದರೆ ಇಗರ್ಜಿಯ ಹಾಗೆ ಚೂಪು ಕಮಾನುಗಳು, ಚಿನ್ನದ ಬಣ್ಣ. ಕೆಳಗೆ ಅಜ್ಜಿಯಂದಿರು ತಲೆ ಬಗ್ಗಿಸಿ ನಂಬರು ಹೊಡೆಯುತ್ತಿದ್ದಾರೆ. ಮೇಲೆ ನೋಡುತ್ತಿದ್ದವನು ನಾನೊಬ್ಬನೇ.

1931ರಲ್ಲಿ ಗ್ರಾನಡಾ ಸಿನೆಮಾ ಎಂದು ತೆರೆದದ್ದು. ಒಳಗಿನ ಅಲಂಕಾರ ಥಿಯೋಡೋರ್ ಕೊಮಿಸಾರ್ಜೆವ್‌ಸ್ಕಿ ಅವರದು. ಅವರು ನಾಟಕ ನಿರ್ದೇಶಕರು, ಅದಕ್ಕೇ ಇರಬೇಕು, ಇಡೀ ಟಾಕೀಸೇ ಸೆಟ್ಟು ಹಾಕಿದ ಹಾಗಿದೆ. 1973ರಲ್ಲಿ ಸಿನೆಮಾ ನಿಂತಿತು, 1976ರಲ್ಲಿ ಬಿಂಗೋ ಬಂತು. 2000ದಲ್ಲಿ ಸರ್ಕಾರ ಕಾಪಾಡುವ ಕಟ್ಟಡಗಳ ಅತಿ ಮೇಲಿನ ದರ್ಜೆಗೆ, ಗ್ರೇಡ್ 1 ಪಟ್ಟಿಗೆ, ಸೇರಿತು. ಇಂಥ ಕಟ್ಟಡದ ರೂಪ ಬದಲಿಸಬೇಕಾದರೆ ಒಳಗೂ ಹೊರಗೂ ಒಪ್ಪಿಗೆ ಬೇಕೇ ಬೇಕು.

ಇಷ್ಟು ಚಂದದ ಜಾಗದಲ್ಲಿ ಜೂಜಾ ಎಂದು ಮೊದಲು ಸಿಟ್ಟು ಬಂದಿತ್ತು. ಈಗಿಲ್ಲ. ಮೇಜು ಇಟ್ಟವರು ನಾಳೆ ಎತ್ತಬಹುದು. ಜನ ಬರುತ್ತಿದ್ದರೆ ಮಾಡು ಸೋರಿದ್ದಾದರೂ ಗೊತ್ತಾಗುತ್ತದೆ. ಬೀಗ ಹಾಕಿದ ಟಾಕೀಸಿಗೆ ಗೆದ್ದಲು ಮಾತ್ರ ಪ್ರೇಕ್ಷಕ.

ಹೋದ ಮೇ ತಿಂಗಳು ಊರಿಗೆ ಬಂದಾಗ ಸೋದರಮಾವನ ಜೊತೆ ಒಂದು ಮದುವೆಗೆ ಹೋದೆ. ನಮ್ಮ ಹಳೇ ಟಾಕೀಸೇ ಈಗ ಕಲ್ಯಾಣ ಮಂಟಪ.

“ಮಾವ, ಇಲ್ಲಿ ನೆಲ ಇಳಿಜಾರಿತ್ತಲ್ವಾ?”

“ಮಣ್ಣು ತುಂಬಿಸಿ ಕಾಂಕ್ರೀಟು ಹಾಕಿದ್ದಾರೆ. ಇಲ್ಲದಿದ್ದರೆ ಎಲೆಗೆ ಬಡಿಸಿದ ಸಾರು ಸೀದಾ ಮದುಮಕ್ಕಳ ಹತ್ರ ಓಡುತ್ತಿತ್ತು ಮಾರಾಯ!”

ಮಾವ ಹೇಳಿದ್ದೂ ಸರಿಯೇ. ಆದರೆ ಮೇಲೆ ಹಲಗೆ ಹಾಸಿದ್ದರೂ ಆಗುತ್ತಿತ್ತು. ಬಯಲಲ್ಲಿ ಯಕ್ಷಗಾನಕ್ಕೆ ರಂಗಸ್ಥಳ ಕಟ್ಟಿ, ಬೆಳಗಾಗುವಾಗ ಬಿಚ್ಚಿ ಲಾರಿಗೆ ಹಾಕುವ ಊರು ನಮ್ಮದು! ಕಾಂಕ್ರೀಟನ್ನು ಇನ್ನು ಯಾರು ಒಡೆಯುತ್ತಾರೆ?

ಟಿಕೆಟಿನ ಕಿಂಡಿ ಹುಡುಕಿದೆ. ಒಂದು ಮುಷ್ಟಿ ಹೋಗುವಷ್ಟೇ ತೂತು. ಕೈ ತಾಗಿ ತಾಗಿ ಅಂಚಿನ ಸಿಮೆಂಟು ನುಣುಪಾಗಿದೆ. ಚಿಲ್ಲರೆ ಬಿಗಿ ಹಿಡಿದು ಅಲ್ಲೇ ಕೈ ತರಚಿಕೊಂಡದ್ದು ನೆನಪಿದೆ. ಈಗ ಅದರೊಳಗೆ ನೀರಿನ ಪೈಪು ಹೋಗಿದೆ.

ಹಿಂದಿನ ಗೋಡೆಯಲ್ಲಿ, ಮೇಲೆ, ಪ್ರೊಜೆಕ್ಟರಿನ ಎರಡು ಚೌಕ ತೂತುಗಳು ಹಾಗೇ ಇದ್ದವು. ಅದನ್ನಾದರೂ ಮುಚ್ಚಬೇಡಿ ಎಂದು ಮಾಲೀಕರಿಗೆ ಹೇಳಿ ಬಂದೆ. ಅವರು ನಕ್ಕರು. ಹೋದ ವಾರ ಮಾವ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಒಂದು ತೂತಿನಲ್ಲಿ ಎಕ್ಸಾಸ್ಟ್ ಫ್ಯಾನು ಕೂತಿದೆ. ಇನ್ನೊಂದರಿಂದ ಮದುವೆ ವಿಡಿಯೊದ ಹುಡುಗ ಕ್ಯಾಮೆರಾ ಇಣುಕಿಸಿದ್ದಾನೆ.