ಒಂದು ಗುಂಟೆ ತಪ್ಪು: ನಮ್ಮೂರ ನಕ್ಷೆ, ನಾಲ್ಕನೇ ಶನಿವಾರದವರೆಗೆ

ಮಧುಗಿರಿ ಕಡೆಯ ನಮ್ಮೂರಿನ ಹೈಸ್ಕೂಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಊರಿನ ನಕ್ಷೆ ಮಾಡುವ ಕೆಲಸ ಶುರುವಾಗಿ ನಾಲ್ಕು ಶನಿವಾರ ಆಯಿತು. ಬೆಳಗಿನ ಸ್ಕೂಲು ಬಿಟ್ಟ ಮೇಲೆ ಒಂದೂವರೆ ಗಂಟೆ, ಅಷ್ಟೆ. ರಿಜಿಸ್ಟರಿನಲ್ಲಿ 17 ಮಕ್ಕಳಿದ್ದಾರೆ. ಕಬಡ್ಡಿ ಪ್ರಾಕ್ಟೀಸ್ ಇದ್ದ ದಿನ 9.

ನಾವು ತುಂಬುತ್ತಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಇಂಟರ್ನೆಟ್ ನಕ್ಷೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಇದನ್ನು ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ನಾನು ಮೊದಲು ತೆರೆದು ನೋಡಿದಾಗ ನಮ್ಮೂರು ಅದರಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಒಂದು ಟಾರು ರಸ್ತೆ. ಕೆರೆ ಇಲ್ಲ, ಗುಡಿ ಇಲ್ಲ, ಹಾಲಿನ ಡೈರಿ ಇಲ್ಲ. ಊರಿನ ಹೆಸರು ಇಂಗ್ಲಿಷಿನಲ್ಲಿ ಮಾತ್ರ, ಅದೂ ಒಂದಕ್ಷರ ತಪ್ಪು.

"ಇದಕ್ಕೆಲ್ಲ ಪರ್ಮಿಶನ್ ಬೇಡ್ವಾ? ಆಮೇಲೆ ನನ್ನ ತಲೆಗೆ ಬರಬಾರದು" ಅಂದರು ಹೆಡ್‌ಮಾಸ್ಟರು. ಕೇಳಿದ್ದು ಸರಿಯೇ, ಹಿಂದೆ ನಕ್ಷೆ ಅಂದರೆ ಅಷ್ಟು ಬಿಗಿ ಇತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದ ಮೇಲೆ ನಮ್ಮಂಥವರು ಇಂಥ ಕೆಲಸಕ್ಕೆ ಮೊದಲೇ ಅನುಮತಿ ಪಡೆಯಬೇಕಿಲ್ಲ. ಅದರ ಪ್ರಿಂಟ್ ತೆಗೆದುಕೊಟ್ಟೆ. ಕಾಗದ ಫೈಲಿಗೆ ಸೇರಿತು, ಲ್ಯಾಬಿನ ಬೀಗದ ಕೈ ನನಗೆ ಸಿಕ್ಕಿತು.

ಮೊದಲ ವಾರ ಜಿಪಿಎಸ್‌ಟೆಸ್ಟ್ ಅನ್ನುವ ಆ್ಯಪ್ ತೋರಿಸಿದೆ. ಫೋನಿಗೆ ಈಗ ಯಾವ ಯಾವ ದೇಶದ ಉಪಗ್ರಹ ಸಿಗುತ್ತಿದೆ ಅಂತ ಬಾವುಟ ಸಮೇತ ಪಟ್ಟಿ ಬರುತ್ತದೆ. ವಿಜ್ಞಾನದ ಮೇಡಂ ಫೋನಿನಲ್ಲಿ ಜಾಗ ತಿಳಿಸುವ ನಮ್ಮ ದೇಶದ್ದೇ ಉಪಗ್ರಹಗಳಾದ ನಾವಿಕ್‌ನ ತ್ರಿವರ್ಣ ಕಾಣಿಸಿತು, ನನ್ನದರಲ್ಲಿ ಇಲ್ಲ. ಮಕ್ಕಳ ಎದುರು ನನ್ನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಎರಡನೇ ವಾರದ್ದನ್ನು ಸ್ವಲ್ಪ ವಿವರವಾಗಿ ಬರೆದಿಟ್ಟುಕೊಳ್ಳಬೇಕು. ಫೋನು ಹೇಳುವ ಜಾಗ ಕರಾರುವಾಕ್ಕಲ್ಲ ಅನ್ನುವುದನ್ನು ಹೇಗೆ ತೋರಿಸುವುದು? ಬಾವುಟದ ಕಟ್ಟೆಯ ಮೇಲೆ ಫೋನ್ ಇಟ್ಟೆವು. ಬಯಲಲ್ಲಿ "5 ಮೀಟರ್" ಅಂತ ತೋರಿಸಿತು, ಅಂದರೆ ಅದು ಹೇಳುವ ಜಾಗ ಸುಮಾರು ಅಷ್ಟು ಆಚೀಚೆ ಇರಬಹುದು ಅಂತ. ಹುಣಸೆ ಮರದ ಕೆಳಗೆ ಹೋದರೆ 14. ಅಂಕಿ ನೋಡಿ ಯಾರ ಮುಖದಲ್ಲೂ ಏನೂ ಹೊಳೆಯಲಿಲ್ಲ. ಸರಿ, ಎತ್ತಿನ ಹಗ್ಗ ತರಿಸಿ 5 ಮೀಟರ್ ಅಳೆದು, ಒಂದು ತುದಿ ಕಟ್ಟೆಗೆ ಕಟ್ಟಿ, ಕಬಡ್ಡಿ ಅಂಕಣಕ್ಕೆ ಇಟ್ಟಿದ್ದ ಸುಣ್ಣದ ಪುಡಿ ಉದುರಿಸುತ್ತಾ ಸುತ್ತು ಹಾಕಿದೆವು. ಈ ಸುತ್ತಿನೊಳಗೆ ನೀವು ಎಲ್ಲಿ ನಿಂತರೂ ಫೋನಿಗೆ ಒಂದೇ ಅಂದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಆ ಕಡೆಯಿಂದ ಈ ಕಡೆಗೆ ಹೆಜ್ಜೆ ಹಾಕಿ ಬಂದು, "ಅಕ್ಕಾ, ಇದು ಗುಂಟೆ ಅಗಲ ಐತೆ" ಅಂದಳು.

ನನಗೆ ಹೊಳೆದೇ ಇರಲಿಲ್ಲ. ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂಥ 40 ಸೇರಿದರೆ ಎಕರೆ. ನಮ್ಮ ಸುತ್ತಿನ ಅಡ್ಡಳತೆ 10 ಮೀಟರು, 33 ಅಡಿಗೆ ಎರಡು ಇಂಚು ಚಿಲ್ಲರೆ ಕಡಿಮೆ. ಕಾಂಪೌಂಡಿಗೆ ಒರಗಿ ನೋಡುತ್ತಿದ್ದ ತಾತ ಒಬ್ಬರು ಕೂಡಲೇ ಬಾಯಿ ಹಾಕಿದರು: "ಗುಂಟೆ ಜಾಗಕ್ಕೆ ನಮ್ಮಣ್ಣನೂ ನಾನೂ ಹನ್ನೊಂದು ವರ್ಷ ಮಾತಾಡಿಲ್ಲ ಕಣಮ್ಮ. ನಿನ್ನ ಫೋನು ಅಷ್ಟನ್ನೂ ನುಂಗಿಬಿಡ್ತದಲ್ಲ!"

ಇದರಿಂದ ಒಂದು ಉಪಕಾರವಾಯಿತು. ಅಲ್ಲಿಯವರೆಗೆ ದಿನಕ್ಕೊಬ್ಬರು "ನಮ್ಮ ಹೊಲದ ಬದೂನೂ ಹಾಕ್ಕೊಡಿ" ಅನ್ನುತ್ತಿದ್ದರು. ದಿಶಾಂಕ್ ಆ್ಯಪ್ ಹಿಡಿದು ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತಿಳಿಯುತ್ತದೆ, ಬದುವಿನ ಜಗಳ ಅದರಿಂದ ತೀರುವುದಿಲ್ಲ. ಅದಕ್ಕೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಕೊಡಲು, ಅರ್ಜಿ ಕೊಟ್ಟು ಸರ್ವೆಯರನ್ನೇ ಕರೆಸಬೇಕು. ನಾನು ಎಷ್ಟು ಹೇಳಿದರೂ ನಾಟದ್ದು ಆ ಸುಣ್ಣದ ಗೆರೆಯಿಂದ ನಾಟಿತು.

ಮೂರನೇ ವಾರ ಕೆರೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರ ತೆರೆದರೆ ನೀರು ತುಂಬಿ ತುಳುಕುತ್ತಿದೆ. "ಅದು ಕ್ರಿಕೆಟ್ ಗ್ರೌಂಡು ಅಕ್ಕಾ" ಅಂದ ಒಬ್ಬ. ನಿಜ, ಚಿತ್ರ ಯಾವುದೋ ಒಳ್ಳೆ ಮಳೆ ವರ್ಷದ್ದು, ಈಗ ಅಂಗಳದ ತುಂಬ ಬಳ್ಳಾರಿ ಜಾಲಿ. ಹಾಗಾದರೆ ಅಂಚು ಎಲ್ಲಿ ಅಂತ ಎಳೆಯುವುದು? ಎಲ್ಲರೂ ಹೊರಟು ಏರಿ ಮೇಲೆ ಕೋಡಿಯವರೆಗೆ ನಡೆದು ಅದನ್ನಷ್ಟು ಟ್ರ್ಯಾಕ್ ಮಾಡಿಕೊಂಡೆವು. ಕೆರೆಯಿಂದ ನೀರು ಬಿಡುವ ತೂಬಿನ ಕಲ್ಲುಗಂಬ ಜಾಲಿಯೊಳಗೆ ಹೂತಿತ್ತು. ಅರ್ಧ ಮಕ್ಕಳಿಗೆ ಅದು ತೂಬು ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಪೂರ್ತಿ ಅಂಗಳವನ್ನೇ ಕೆರೆ ಅಂತ ಎಳೆದು, ಆಗಾಗ ಮಾತ್ರ ನೀರಿರುತ್ತದೆ ಅಂತ ಹೇಳುವ ಇಂಟರ್‌ಮಿಟೆಂಟ್ ಅನ್ನುವ ಟ್ಯಾಗ್ ಹಾಕಿದೆವು.

ಹೆಸರು ಮಾತ್ರ ಹಾಕಲಾಗಲಿಲ್ಲ. ಊರೊಳಗಿನವರಿಗೆ ದೊಡ್ಡಕೆರೆ, ಹಟ್ಟಿಯವರಿಗೆ ಹಟ್ಟಿಕೆರೆ, ಗ್ರಾಮ ನಕಾಶೆಯಲ್ಲಿ ಇವೆರಡೂ ಅಲ್ಲದ ಮೂರನೆಯದು. ಬೇರೆ ಹೆಸರುಗಳಿಗೂ ಖಾನೆ ಇದೆ, ಆದರೆ ಮೊದಲ ಖಾನೆ ಒಂದೇ. ನಾನೇ ತೀರ್ಮಾನ ಮಾಡುವುದು ಸುಲಭವಿತ್ತು. ಬೆಂಗಳೂರಿನಿಂದ ವಾರಕ್ಕೊಮ್ಮೆ ಬಂದುಹೋಗುವ ನನಗೆ ಆ ಅಧಿಕಾರ ಯಾರು ಕೊಟ್ಟರು ಅನಿಸಿ ಖಾಲಿ ಬಿಟ್ಟೆ. ಮನೆಯಲ್ಲಿ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂದಿದ್ದೇನೆ.

ನಿನ್ನೆಯ ನಾಲ್ಕನೇ ವಾರ ಬರೀ ಅಳಿಸುವುದೇ ಆಯಿತು. ಇಬ್ಬರು ಹುಡುಗರು ಹುಮ್ಮಸ್ಸಿನಲ್ಲಿ ಮನೆಯಲ್ಲೇ ಕೂತು 11 ಅಂಗಡಿ ಸೇರಿಸಿದ್ದರು. ಅದರಲ್ಲೊಂದು ಕೊರೊನಾ ಕಾಲದಲ್ಲೇ ಬಾಗಿಲು ಹಾಕಿದ್ದು. ಕೇಳಿದರೆ ಗೂಗಲ್ ಮ್ಯಾಪ್ ನೋಡಿ ಹಾಕಿದ್ದಂತೆ. ಬೇರೆ ನಕ್ಷೆಯಿಂದ ಕಾಪಿ ಹೊಡೆಯುವ ಹಾಗಿಲ್ಲ, ಲೈಸೆನ್ಸ್ ಒಪ್ಪುವುದಿಲ್ಲ. ಇದನ್ನು ಮೊದಲ ದಿನವೇ ಹೇಳದೆ ಹೋದದ್ದು ನನ್ನ ತಪ್ಪು. ಎಲ್ಲ ತೆಗೆದು, ಅವರಿಬ್ಬರನ್ನೇ ಪೇಟೆ ಬೀದಿಗೆ ಕಳಿಸಿ ಕಣ್ಣಾರೆ ನೋಡಿ ಬರೆಸಿದೆ: 7 ಅಂಗಡಿ ಸಿಕ್ಕವು. ಇನ್ನೊಬ್ಬ ತನ್ನಜ್ಜಿಯ ಮನೆಗೆ ಅಜ್ಜಿಯ ಹೆಸರನ್ನೇ ಹಾಕಿಬಿಟ್ಟಿದ್ದ. ಖಾಸಗಿ ಮನೆಯಲ್ಲಿರುವವರ ಹೆಸರು ಅಲ್ಲಿ ಹಾಕಬಾರದು ಅಂದಾಗ ಮುಖ ಸಣ್ಣದಾಯಿತು. ಗೋಡೆಯ ಮೇಲಿನ ಚಾರ್ಟ್ ಪೇಪರ್ ನಕ್ಷೆ ನಮ್ಮದೇ ಅಲ್ಲವೇ, ಅದರಲ್ಲಿ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದುಕೊಂಡ.

ಮುಂದಿನ ವಾರ ಕೆರೆಯ ಹೆಸರಿನ ಪಂಚಾಯ್ತಿ. ಆಮೇಲೆ ಕೋಡಿಯಿಂದ ಪಕ್ಕದೂರಿನ ಸಂತೆಗೆ ಹೋಗುತ್ತಿದ್ದ ಹಳೇ ಬಂಡಿದಾರಿ ತೋರಿಸಲು ಆ ತಾತ ಬರುತ್ತೇನೆ ಅಂದಿದ್ದಾರೆ. ಎ4 ಪ್ರಿಂಟ್ 20, ಪೆನ್ಸಿಲ್, ಒಂದು ಪವರ್ ಬ್ಯಾಂಕ್ ಬೇಕು. ಪಿಟಿ ಮೇಷ್ಟ್ರ ಸುಣ್ಣದ ಪುಡಿ ಅರ್ಧ ಚೀಲ ಖಾಲಿ ಮಾಡಿದ್ದೇವೆ, ಅದನ್ನೂ ತಂದುಕೊಡಬೇಕು.